ಊರ ಹೊರಗಿನ ಖಾಲಿ ರಸ್ತೆಯಲ್ಲಿ ಮಾತ್ರ ಆರೋಗ್ಯವಾಗಿರುವ ಕಾರು

ಇಷ್ಟೆಲ್ಲ ಆದ ಮೇಲೂ ನಿಮ್ಮ ಸೇವಾ ಕೇಂದ್ರದ ಫೋನಿನಲ್ಲಿ ಕೊಳಲು ನುಡಿಯುತ್ತಲೇ ಇದೆ, ಮಾನ್ಯರೇ. ಬೆಳಗ್ಗೆಯಿಂದ ಕೇಳಿ ಕೇಳಿ ನನಗದು ಬಾಯಿಪಾಠವಾಗಿದೆ. ನಡುವೆ ಒಬ್ಬ ಹೆಣ್ಣುಮಗಳು ಬಂದು, ನನ್ನ ಕರೆ ನಿಮಗೆ ಅಮೂಲ್ಯವೆಂದು ತಿಳಿಸಿ, ಮತ್ತೆ ಕೊಳಲಿನವನ ಕೈಗೆ ಒಪ್ಪಿಸಿ ಹೋಗುತ್ತಾಳೆ. ನನ್ನ ಅಕ್ಕ ರಮಾಳ ಕಾರು ಇವತ್ತು ಮತ್ತೆ ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ ನಿಂತಿತು. ಗೇರ್‌ಬಾಕ್ಸ್ ಬಿಸಿಯಾಗಿದೆ, ಗಾಡಿ ನಿಲ್ಲಿಸಿ ಎಂದು ಪರದೆಯ ಮೇಲೆ ಅಪ್ಪಣೆ ಬಂತು; ನಿಲ್ಲಿಸುವ ಶ್ರಮವನ್ನೂ ಅವಳಿಗೆ ಕೊಡದೆ ತಾನೇ ನಿಂತಿತು. ಇದೇ ಕಾರನ್ನು ಇದೇ ದೂರು ಹೊತ್ತು ಮತ್ತೆ ಮತ್ತೆ ನಿಮ್ಮಲ್ಲಿಗೆ ತಂದಿದ್ದೇವೆ. ಪ್ರತಿ ಸಲವೂ ತೊಳೆದು, ಒರೆಸಿ, ಒಳಗೆ ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆದು, 'ತೊಂದರೆ ಕಂಡುಬಂದಿಲ್ಲ' ಎಂದು ಬರೆದು ವಾಪಸು ಕೊಟ್ಟಿದ್ದೀರಿ. ನೀವು ಕಂಪನಿಯ ಪ್ರಾದೇಶಿಕ ಸೇವಾ ಮುಖ್ಯಸ್ಥರು. ನಿಮ್ಮ ಹೆಸರನ್ನು ಕೇಳಿದರೆ ನಿಮ್ಮವರು ಯಾರೂ ಹೇಳುವುದಿಲ್ಲ. ಹಾಗಾಗಿ ಹುದ್ದೆಗೇ ಬರೆಯುತ್ತಿದ್ದೇನೆ, ನಾಲ್ಕು ಜನಕ್ಕೆ ಕೇಳುವ ಹಾಗೆ.

ಬರೆಯುತ್ತಿದ್ದೇನೆ ಎಂದೆ, ನಿಜ ಹೇಳಬೇಕೆಂದರೆ ಓಡಾಡುತ್ತಾ ಫೋನಿಗೆ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ಕೂತು ಬರೆಯುವಷ್ಟು ಸಮಾಧಾನ ನನ್ನಲ್ಲಿಲ್ಲ. ಹರಿಹರದಿಂದ ಈ ಊರಿಗೆ ಬಂದ ಮೇಲೆ ನಾಲ್ಕು ಕೆಲಸ ಬದಲಿಸಿ, ಈಗ ಇಂಟರ್ನೆಟ್ ಕಂಪನಿಯೊಂದರ ದೂರು ವಿಭಾಗದಲ್ಲಿ ಕೂರುತ್ತೇನೆ. ಗ್ರಾಹಕನ ಸಿಟ್ಟು ಯಾವ ಮಾತಿಗೆ ಇಳಿಯುತ್ತದೆ, ಯಾವ ಮಾತಿಗೆ ಅವನು ಸುಸ್ತಾಗಿ ಫೋನ್ ಇಡುತ್ತಾನೆ, ಎಲ್ಲಕ್ಕೂ ನಮಗೆ ತರಬೇತಿ ಇದೆ. ನಿಮ್ಮವರು ನನ್ನ ಮೇಲೆ ಅದೇ ಮಾತುಗಳನ್ನು ಉಪಯೋಗಿಸುವಾಗ, ಪಕ್ಕದ ಮನೆಯವರು ನಮ್ಮದೇ ಕೊಡೆ ಹಿಡಿದು ಹೋಗುವುದನ್ನು ನೋಡಿದ ಹಾಗಾಗುತ್ತದೆ. ದಯವಿಟ್ಟು ಆ ಮಾತುಗಳನ್ನು ಬೇರೆಯವರಿಗೆ ಉಳಿಸಿಕೊಳ್ಳಿ.

ರಮಾಳ ಬಗ್ಗೆ ಹೇಳಬೇಕು. ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದ ಅವಳ ಎರಡೂ ಕಾಲಿಗೆ ಬಲವಿಲ್ಲ. ಮನೆಯಲ್ಲಿ ಊರುಗೋಲು, ಹೊರಗೆ ಗಾಲಿಕುರ್ಚಿ. ಆರ್.ಟಿ. ನಗರದ ಒಂದು ಪಿ.ಯು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ನಾವಿಬ್ಬರೂ ಇರುವುದು ಸಹಕಾರನಗರದ ಬಾಡಿಗೆ ಮನೆಯಲ್ಲಿ. ವರ್ಷಗಟ್ಟಲೆ ಆಟೋದವರು ಅವಳ ಕುರ್ಚಿ ನೋಡಿ 'ಆ ಕಡೆ ಬರಲ್ಲ ಮೇಡಂ' ಅಂದ ಮೇಲೆ, ಅವಳೇ ಲೈಸೆನ್ಸ್ ಮಾಡಿಸಿಕೊಂಡು, ಅವಳೇ ಸಾಲ ಮಾಡಿ ನಿಮ್ಮ ಕಾರು ತಗೊಂಡಳು. ಸೆಡಾನೇ ಯಾಕೆ ಅಂತ ನಿಮ್ಮ ಮಾರಾಟದವರು ಕೇಳಿದ್ದರು. ಎತ್ತರದ ಗಾಡಿಗೆ ಅವಳು ಹತ್ತಲಾರಳು, ಸಣ್ಣ ಗಾಡಿಯ ಡಿಕ್ಕಿಯಲ್ಲಿ ಕುರ್ಚಿ ಹಿಡಿಯುವುದಿಲ್ಲ. ನಿಮ್ಮ ಸೆಡಾನಿನ ಸೀಟು ಅವಳ ಕುರ್ಚಿಯ ಮಟ್ಟಕ್ಕೇ ಇದೆ; ಕೈಯೂರಿ ಜಾರಿಕೊಂಡರೆ ಸಾಕು. ಕ್ಲಚ್ ಇಲ್ಲದ ಆಟೋಮ್ಯಾಟಿಕ್. ಬ್ರೇಕಿಗೂ ಆಕ್ಸಿಲರೇಟರಿಗೂ ಸ್ಟೀರಿಂಗ್ ಪಕ್ಕ ಒಂದು ಕೈಹಿಡಿ ಜೋಡಿಸಿ, ಆರ್.ಟಿ.ಓ. ಒಪ್ಪಿಗೆ ಪಡೆದೆವು. ಕಾರು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಿಂದಿನ ಸೀಟಿನಲ್ಲಿ ಅವಳ ಸಹೋದ್ಯೋಗಿಗಳು ಕಾಲು ಚಾಚಿ ಕೂರುತ್ತಾರೆ, ಹಳ್ಳ ದಿಣ್ಣೆ ತಿಳಿಯುವುದಿಲ್ಲ, ಮೈಲೇಜಿಗೂ ಮೋಸವಿಲ್ಲ. ಕೊಟ್ಟ ದುಡ್ಡಿಗೆ ಬೇಕಾದ್ದೆಲ್ಲ ಇದೆ. ಬೆಂಗಳೂರಿನಲ್ಲಿ ಓಡುವುದೊಂದು ಇಲ್ಲ.

ಇವತ್ತು ನಡೆದದ್ದು ಕೇಳಿ. ಏರಿನಲ್ಲಿ ಕಾರು ನಿಂತಾಗ ಹಿಂದೆ ಇಡೀ ಯಲಹಂಕ ಹಾರನ್ ಒತ್ತಿತು. ಬೈಕಿನವನೊಬ್ಬ ಕಿಟಕಿಗೆ ಮುಖ ಕೊಟ್ಟು, "ಲೈಸೆನ್ಸ್ ಯಾರ್ ಕೊಟ್ರು ಮೇಡಂ ನಿಮ್ಗೆ?" ಅಂದ. ಟ್ರಾಫಿಕ್ ಪೊಲೀಸರೊಬ್ಬರು ಬಂದು ಗಾಜು ತಟ್ಟಿದರು.

"ಇಳೀರಿ ಮೇಡಂ, ಸೈಡಿಗ್ ತಳ್ಳಣ."

"ನಾನಿಳಿದ್ರೆ ಮೊದ್ಲು ನನ್ನ ತಳ್ಬೇಕಾಗುತ್ತೆ ಸಾರ್. ಆಮೇಲೆ ಕಾರು."

ಅವರು ಒಳಗೆ ಬಗ್ಗಿ ಅವಳ ಕಾಲು ನೋಡಿದರಂತೆ. ಆಮೇಲೆ ಹಿಂದೆ ಹೋಗಿ ಬಸ್ಸುಗಳಿಗೆ ಅಡ್ಡ ನಿಂತರಂತೆ, ಗೇರ್‌ಬಾಕ್ಸ್ ತಣ್ಣಗಾಗಿ ಅದಕ್ಕೆ ಮನಸ್ಸು ಬರುವವರೆಗೆ. ಆ ಮನುಷ್ಯ ನಿಮ್ಮ ಸಂಬಳದವರಲ್ಲ. ಆದರೂ ಈ ಕಾರಿಗೆ ಇವತ್ತಿನವರೆಗೆ ಸಿಕ್ಕ ಒಂದೇ ಒಂದು ಸರ್ವಿಸ್ ಅದು. ರಮಾ ಕಾಲೇಜು ಮುಟ್ಟುವಷ್ಟರಲ್ಲಿ ಪ್ರಾಯೋಗಿಕ ಪರೀಕ್ಷೆಯ ಮೊದಲ ತಂಡವನ್ನು ಬೇರೆಯವರು ಮುಗಿಸಿದ್ದರು.

ನಿಮ್ಮ ಸೇವಾ ಕೇಂದ್ರದ ಸರ್ವಿಸ್ ಅಡ್ವೈಸರ್ ನರೇಂದ್ರ ಅವರಿಗೆ ಇದಕ್ಕೆಲ್ಲ ಕಾರಣ ಗೊತ್ತಿದೆ. ಕಳೆದ ಸಲ ಹೋದಾಗ ಧ್ವನಿ ತಗ್ಗಿಸಿ ಹೇಳಿದರು:

"ಸರ್, ನಮ್ ಡ್ರೈವರ್ ಓಡ್ಸಿದ್ರೆ ಏನೂ ಆಗ್ತಿಲ್ಲ. ಮೇಡಂ ಓಡ್ಸೋ ರೀತೀಲಿ ಏನಾದ್ರೂ..."

"ಮೇಡಂ ಕೈಯಲ್ಲಿ ಓಡಿಸ್ತಾರೆ. ಗೇರ್‌ಬಾಕ್ಸ್‌ಗೆ ಬೇಜಾರಾಗಿದ್ಯಾ?"

"ಹಂಗಲ್ಲ ಸರ್. ಹೊರಗಡೆ ಫಿಟಿಂಗ್ ಹಾಕ್ಸಿದೀರಲ್ಲ, ವಾರಂಟಿ ಕಷ್ಟ ಆಗುತ್ತೆ."

ಮಾರ್ಪಾಡು ಮಾಡಿದ ವಾಹನಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಮರುದಿನವೇ ನಿಮ್ಮ ಕಚೇರಿಯಿಂದ ಇಮೇಲ್ ಬಂತು. ಮಾನ್ಯರೇ, ಆ ಕೈಹಿಡಿ ತಾಗುವುದು ಎರಡು ಪೆಡಲಿಗೆ. ಗೇರ್‌ಬಾಕ್ಸಿನ ಗಾಳಿಯೂ ಅದಕ್ಕೆ ಸೋಕಿಲ್ಲ. ಅದನ್ನು ಜೋಡಿಸುವವರ ವಿಳಾಸ ಕೊಟ್ಟವರೇ ನಿಮ್ಮ ಶೋರೂಮಿನವರು. ಹಾರ ಹಾಕಿ, ಕೇಕು ಕತ್ತರಿಸಿ, ಅವಳ ಕೈ ಆ ಹಿಡಿಯ ಮೇಲೆಯೇ ಇರುವ ಹಾಗೆ ಫೋಟೊ ತೆಗೆಸಿ, ಅದಕ್ಕೆ 'ಆತ್ಮವಿಶ್ವಾಸದ ಪಯಣ' ಅಂತ ಹೆಸರು ಕೊಟ್ಟು ಶೋರೂಮಿನ ಗೋಡೆಗೆ ಹಾಕಿಕೊಂಡಿದ್ದೀರಿ. ಗೋಡೆಯ ಮೇಲೆ ಆತ್ಮವಿಶ್ವಾಸವಾಗಿದ್ದದ್ದು ವರ್ಕ್‌ಶಾಪಿನೊಳಗೆ ಬಂದ ಕೂಡಲೇ ಮಾರ್ಪಾಡಾಗುವುದು ಹೇಗೆ?

ಕೈಹಿಡಿಯೇ ಅಪರಾಧಿ ಎಂದಾದರೆ, ನಿಮ್ಮ ಕಾಯುವ ಕೋಣೆಯ ಕಾಫಿ ಮೆಷಿನ್ ಪಕ್ಕ ನನಗೆ ಸಿಕ್ಕವರ ಗತಿಯೇನು? ಯಲಹಂಕದ ಪುಟ್ಟೇನಹಳ್ಳಿಯ ಮನೋಹರ್ ಅವರದೂ ಇದೇ ಕಾರು. ಎರಡು ಕಾಲೂ ಗಟ್ಟಿ. ಅವರ ಕಾರು ನಿಲ್ಲುವುದಕ್ಕೆ ಕಲಬೆರಕೆ ಪೆಟ್ರೋಲ್ ಕಾರಣವಂತೆ. ಅವರು ಬಂಕ್ ಬದಲಿಸಿದರು, ಕಾರು ನಿಲ್ಲುವ ಜಾಗ ಬದಲಿಸಲಿಲ್ಲ. ಬೇಸತ್ತು ಮಾರಲು ಹೋದರೆ, ನಾಗಸಂದ್ರದ ಹಳೇ ಕಾರಿನ ವ್ಯಾಪಾರಿ ಫೋನಿನಲ್ಲೇ, "ಆಟೋಮ್ಯಾಟಿಕ್ಕಾ ಸಾರ್? ಮ್ಯಾನ್ಯುಯಲ್ ಇದ್ರೆ ಹೇಳಿ, ಈಗ್ಲೇ ಬರ್ತೀನಿ" ಅಂದನಂತೆ. ನಿಮಗೆ ಕಂಡುಬಾರದ್ದು ಅವನಿಗೆ ಫೋನಿನಲ್ಲೇ ಕಂಡುಬಂದಿದೆ. ಆರ್.ಟಿ. ನಗರದ ಗಜಾಲಾ ಅವರಿಗೆ ಕೊಟ್ಟ ಕಾರಣ ಇನ್ನೂ ಸೊಗಸು. ಅವರೂ ಅವರ ಗಂಡ ಫೈಜಾನ್ ಅವರೂ ಒಂದೇ ಕಾರು ಓಡಿಸುತ್ತಾರಲ್ಲ, ಗೇರ್‌ಬಾಕ್ಸ್ ಒಬ್ಬರ ಓಡಿಸುವ ರೀತಿ ಕಲಿತುಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬಂದು ಕೂರುತ್ತಾರಂತೆ, ಅದಕ್ಕೆ ಗೊಂದಲವಂತೆ.

"ನಮ್ಮ ಅತ್ತೆ ಥರ ಕಣ್ರೀ ಇದು," ಅಂದರು ಗಜಾಲಾ, ಕಾಫಿ ಕಪ್ಪು ಕೆಳಗಿಡುತ್ತಾ. "ಒಬ್ಬರ ಕೈಯಡುಗೆ ಅಭ್ಯಾಸ ಆದ್ಮೇಲೆ ಇನ್ನೊಬ್ರದ್ದು ಮುಟ್ಟಲ್ಲ."

"ನಿಮ್ಮತ್ತೆಗೆ ವಾರಂಟಿ ಇದ್ಯಾ?" ಅಂದರು ಮನೋಹರ್.

"ಅದೊಂದು ಇರ್ಲಿಲ್ಲ ನೋಡಿ."

ನಗುತ್ತಿದ್ದೆವು. ಬೇರೆ ಏನು ಮಾಡಬೇಕಿತ್ತು? ಒಂದೇ ಕಾರು, ಒಂದೇ ರಸ್ತೆ, ಒಂದೇ ರೋಗ. ರೋಗಿಗೊಂದು ಕಾರಣ ಹುಡುಕುವ ನಿಮ್ಮವರ ಕಲ್ಪನಾಶಕ್ತಿಯನ್ನು ಎಂಜಿನಿಯರುಗಳ ಕಡೆಗೆ ತಿರುಗಿಸಿದ್ದರೆ ಇಷ್ಟು ಹೊತ್ತಿಗೆ ಕಾರು ಸರಿಯಾಗಿರುತ್ತಿತ್ತು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಟೆಸ್ಟ್ ಡ್ರೈವಿನಲ್ಲಿ ಯಾಕೆ ಏನೂ ಕಾಣುವುದಿಲ್ಲ ಎಂದು ತಿಳಿಯಬೇಕಿತ್ತು. ಹಠ ಹಿಡಿದು, ಕಳೆದ ಸಲ ಹಿಂದಿನ ಸೀಟಿನಲ್ಲಿ ನಾನೂ ಹತ್ತಿ ಕೂತೆ. ಓಡಿಸಿದವರು ನಿಮ್ಮ ಡ್ರೈವರ್ ಮಹೇಂದ್ರ. ಬಹಳ ಮರ್ಯಾದಸ್ಥರು. ಸೀಟಿನಲ್ಲಿ ಕೂತವರೇ ಮೊದಲು ಎ.ಸಿ. ಆರಿಸಿದರು, ನಾಲ್ಕೂ ಕಿಟಕಿ ಇಳಿಸಿದರು.

"ಎ.ಸಿ. ಹಾಕಲ್ವಾ?"

"ಟೆಸ್ಟಿಗೆ ಹಾಕಂಗಿಲ್ಲ ಸರ್, ರೂಲ್ಸು. ಪೆಟ್ರೋಲ್ ಜಾಸ್ತಿ ಹೋದ್ರೆ ನನ್ನ ಕೇಳ್ತಾರೆ. ಗಾಳಿ ಚೆನ್ನಾಗೈತೆ, ಆರಾಮಾಗ್ ಕೂತ್ಕಳಿ."

"ಹೆಬ್ಬಾಳದ ಕಡೆ ಹೋಗೋಣ್ವಾ?"

"ಅಯ್ಯೋ, ಆ ಕಡೆ ಹೋದ್ರೆ ಮುಗೀತು ಸರ್. ಜಾಮಲ್ಲಿ ಸಿಕ್ಕಾಕೊಂಡ್ರೆ ಇನ್ನ ಮಿಕ್ಕಿದ್ ಗಾಡಿ ಟೆಸ್ಟ್ ಮಾಡೋರ್ಯಾರು? ನಾವು ಏರ್‌ಪೋರ್ಟ್ ಕಡೆನೇ ಹೋಗೋದು."

ಊರೆಲ್ಲ ಒಳಗೆ ಬರುವ ಹೊತ್ತಿನಲ್ಲಿ ನಾವು ಊರ ಹೊರಗೆ ಹೋದೆವು. ಖಾಲಿ ರಸ್ತೆ, ತಂಪು ಗಾಳಿ, ಕಾರು ನವಿಲಿನ ಹಾಗೆ. ಒಂದು ಯು-ಟರ್ನ್ ಹೊಡೆದು ವಾಪಸು ಬಂದೆವು. ತೊಂದರೆ ಕಂಡುಬರಲಿಲ್ಲ. ನನಗೂ ಕಂಡುಬರಲಿಲ್ಲ, ಮಾನ್ಯರೇ. ಆ ರಸ್ತೆಯಲ್ಲಿ ಆ ರೀತಿ ಓಡಿಸಿದರೆ ಎತ್ತಿನ ಗಾಡಿಯಲ್ಲೂ ತೊಂದರೆ ಕಂಡುಬರುವುದಿಲ್ಲ.

ಮಹೇಂದ್ರ ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನೀವು ಹೇಳಿದಂತೆ ಮಾಡಿದರು. ನನ್ನ ಪ್ರಶ್ನೆ ನಿಮಗೆ. ಎ.ಸಿ. ಹಾಕಿಕೊಂಡು ಆಮೆಯ ಹಾಗೆ ತೆವಳುವಾಗ ನಿಲ್ಲುತ್ತದೆ ಎಂದು ಬರೆದುಕೊಟ್ಟ ಕಾರನ್ನು, ಎ.ಸಿ. ಆರಿಸಿ ಖಾಲಿ ರಸ್ತೆಯಲ್ಲಿ ಓಡಿಸಿ ನೋಡುವ ನಿಯಮ ಯಾರದು? ರಾತ್ರಿ ಕೆಮ್ಮುವವನನ್ನು ಹಗಲು ನೋಡಿ, ಕೆಮ್ಮೇ ಇಲ್ಲವಲ್ಲ ಎಂದು ಮನೆಗೆ ಕಳಿಸುವ ಡಾಕ್ಟರ ಬಳಿ ನೀವು ಹೋಗುತ್ತೀರಾ? ಎ.ಸಿ. ಇಲ್ಲದೆಯೇ ಓಡಿಸಿಕೊಳ್ಳಿ ಎನ್ನಬೇಡಿ, ಅದನ್ನೂ ಮಾಡಿ ನೋಡಿದ್ದಾಳೆ. ಆಗ ಏರಿನ ಬುಡದ ಬದಲು ಏರಿನ ತುದಿಯಲ್ಲಿ ನಿಲ್ಲುತ್ತದೆ. ನೋಟ ಚೆನ್ನಾಗಿದೆ, ಕೆರೆ ಕಾಣುತ್ತದೆ.

ಇದಿಷ್ಟನ್ನೂ ನಾನು ತಮಾಷೆಯಾಗಿಯೇ ಮುಗಿಸುತ್ತಿದ್ದೆ. ಆದರೆ ಮಧ್ಯಾಹ್ನ ಅಕ್ಕನ ಫೋನು ಬಂತು. ಪ್ರಾಂಶುಪಾಲರು ಕರೆದು ಬಹಳ ಪ್ರೀತಿಯಿಂದ ಹೇಳಿದರಂತೆ: ಬೆಳಗಿನ ಲ್ಯಾಬಿಗೆ ಹೊತ್ತಿಗೆ ಸರಿಯಾಗಿ ಬರುವವರು ಬೇಕು, ಮುಂದಿನ ತಿಂಗಳಿನಿಂದ ನೀವು ಆಫೀಸಿನಲ್ಲಿ ಕೂತು ಹಾಜರಾತಿ ನೋಡಿಕೊಂಡರೆ ನಿಮಗೂ ಆರಾಮ. ಅವಳಿಗೆ ಆರಾಮ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಲ್ಯಾಬು.

"ಗಿರಿ, ನಾಳೆಯಿಂದ ನೀನೇ ಬಿಡ್ತೀಯೇನೋ?" ಅಂದಳು.

ಆ ಮಾತು ನಿಮಗೆ ಚಿಕ್ಕದಾಗಿ ಕೇಳಬಹುದು. ನನ್ನ ಅಕ್ಕ ಯಾರನ್ನೂ ಎಲ್ಲಿಗೂ ಬಿಡು ಎಂದು ಕೇಳಿದವಳಲ್ಲ. ಮಳೆ ಬಂದ ದಿನ ನನ್ನನ್ನೇ ಆಫೀಸಿಗೆ ಬಿಟ್ಟು ಹೋಗುತ್ತಿದ್ದವಳು. ನಾನು ಬಿಡಬಲ್ಲೆ; ಕಾರು ನಿಂತರೆ ಇಳಿದು ತಳ್ಳುವುದಕ್ಕಾದರೂ ಆಗುತ್ತೇನೆ. ಒಂದು ದಿನ ಬಿಟ್ಟರೆ ಎರಡನೆಯ ದಿನವೂ ಬಿಡಬೇಕಾಗುತ್ತದೆ, ಆಮೇಲೆ ಅವಳು ನನ್ನ ಹೊತ್ತು ನೋಡಿಕೊಂಡು ಏಳಬೇಕು, ನನ್ನ ಹೊತ್ತು ನೋಡಿಕೊಂಡು ಮನೆಗೆ ಬರಬೇಕು. ನೀವು ಕೆಡಿಸಿದ್ದು ಗೇರ್‌ಬಾಕ್ಸ್ ಒಂದನ್ನೇ ಎಂದುಕೊಂಡಿದ್ದರೆ ತಿದ್ದಿಕೊಳ್ಳಿ. ಅವಳಿಗೆ ಸಂಜೆ ಮಾತಾಡೋಣ ಅಂದು ಫೋನ್ ಇಟ್ಟೆ.

ಹಾಗಾಗಿ ನಾನು ಕೇಳುವುದು ಇಷ್ಟು. ದುಡ್ಡು ವಾಪಸು ಕೇಳುತ್ತಿಲ್ಲ, ಕ್ಷಮೆಯೂ ಬೇಡ, ಇನ್ನೊಂದು ಸಲ ಕಾರು ತೊಳೆಯುವುದಂತೂ ಬೇಡವೇ ಬೇಡ. ಒಂದು ಬೆಳಗ್ಗೆ ನೀವೇ ಬನ್ನಿ. ಕೆಳಗಿನವರನ್ನು ಕಳಿಸಬೇಡಿ. ಸಹಕಾರನಗರದ ನಮ್ಮ ಮನೆಯಿಂದ ಆರ್.ಟಿ. ನಗರದವರೆಗೆ ರಮಾ ಓಡಿಸುತ್ತಾಳೆ, ಎ.ಸಿ. ಹಾಕಿಕೊಂಡು, ಕೈಹಿಡಿ ಹಿಡಿದು. ನೀವು ಹಿಂದೆ ಕೂತಿರಿ. ಕಾರು ನಿಂತರೆ, ನಿಂತ ಜಾಗದಲ್ಲೇ ಕೂತು, ತೊಂದರೆ ಕಂಡುಬಂದಿದೆ ಎಂದು ನಿಮ್ಮ ಕೈಯಾರೆ ಬರೆದು, ಗೇರ್‌ಬಾಕ್ಸನ್ನು ವಾರಂಟಿಯಲ್ಲಿ ಬದಲಿಸಿಕೊಡಿ. ಮನೋಹರ್ ಅವರಿಗೂ ಗಜಾಲಾ ಅವರಿಗೂ ಹಾಗೆಯೇ ಮಾಡಿ. ನಿಲ್ಲದಿದ್ದರೆ, ಈ ಪತ್ರ ಓದಿದವರೆಲ್ಲರ ಎದುರು ನಾನೇ ತಪ್ಪೊಪ್ಪಿಕೊಳ್ಳುತ್ತೇನೆ.

ನಾಳೆ ಬೆಳಗ್ಗೆ ಏಳೂವರೆಗೆ ಕರೆ ಮಾಡಿ. ನನಗಲ್ಲ, ಅವಳಿಗೆ, ನಂಬರ್ ನಿಮ್ಮ ಹತ್ತಿರವೇ ಇದೆ. ಏಳೂಮುಕ್ಕಾಲಿಗೆ ಅವಳು ಕಾರಿನ ಪಕ್ಕಕ್ಕೆ ಕುರ್ಚಿ ತರುತ್ತಾಳೆ. ನನ್ನ ಪಕ್ಕದ ಎಡಗಡೆ ಬಾಗಿಲು ತೆಗೆಯಬೇಕೋ, ಸ್ಟೀರಿಂಗ್ ಇರುವ ಬಲಗಡೆಯದೋ, ಅಷ್ಟರೊಳಗೆ ಅವಳಿಗೆ ಗೊತ್ತಾಗಬೇಕು.

ಇಂತಿ,
ಒಂದು ಕಾರಿಗೋಸ್ಕರ ಇಷ್ಟು ಮಾತಾಡಬೇಕಾಗಿ ಬಂದವನು,
ಗಿರಿ, ಸಹಕಾರನಗರ

ಮತ್ತೆ ಹೇಳುತ್ತೇನೆ, ಏಳೂವರೆ. ಎಂಟಕ್ಕೆ ಮಾಡಿದರೆ ಅವಳು ಎತ್ತುವುದಿಲ್ಲ. ಕಾರಿನಲ್ಲಿ ಯಾವ ಕಡೆ ಕೂತಿದ್ದರೂ.