ಕೆಂಪಿಯ ಬ್ರೇಕ್ ಲಾಕು

ಶಿಕಾರಿಪುರ
9 ಜೂನ್ 2025, ಸೋಮವಾರ

ಪ್ರೀತಿಯ ತಮ್ಮ ವಸಂತನಿಗೆ,

ಅಣ್ಣ ಮಲ್ಲೇಶಪ್ಪನ ಆಶೀರ್ವಾದ. ನಿನ್ನ ಕೆಮ್ಮು ಹೇಗಿದೆ? ಹೋದ ಸಲ ನೋಡಲು ಬಂದಾಗ ಜಾಲರಿಯ ಆಚೆ ನಿಂತು ನೀನು ಆಡಿದ ಮಾತಿಗಿಂತ ಕೆಮ್ಮಿದ್ದೇ ಹೆಚ್ಚು. ಸಂಕೋಚ ಬಿಟ್ಟು ಅಲ್ಲಿನ ಡಾಕ್ಟರಿಗೆ ಹೇಳು. ಜೈಲಿಗೆ ಬರುವ ಕಾಗದಗಳನ್ನು ನಮಗಿಂತ ಮೊದಲು ಸಾಹೇಬರು ಒಡೆದು ಓದುತ್ತಾರೆ, ಹುಷಾರಾಗಿ ಬರಿ ಎಂದು ಬರೆದಿದ್ದೆಯಲ್ಲ. ಓದಲಿ ಬಿಡು ಮಾರಾಯ. ನನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಓದುವ ತಾಳ್ಮೆ ಇರುವವರು ಊರಲ್ಲಿ ಒಬ್ಬರೂ ಸಿಗಲಿಲ್ಲ, ಅಲ್ಲಾದರೂ ಒಬ್ಬರು ಸಿಕ್ಕರು. ಅವರಿಗೂ ನನ್ನ ನಮಸ್ಕಾರ.

ಹೊಸಬಾಳೆಯ ಮನೆಯಲ್ಲಿ ಎಲ್ಲರೂ ಆರಾಮ ಎಂದೇ ಬರೆಯಬೇಕು. ಅವ್ವನಿಗೆ ಮಂಡಿ ಹಿಡಿದುಕೊಂಡಿದೆ, ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟಿದ್ದಾಳೆ. ಮೀನಾ ಅಂಗನವಾಡಿಯಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತು. ನಾನು ಭಾನುವಾರ ಮನೆಗೆ ಹೋದಾಗ ಬಡಿಸುತ್ತಾ ಬಡಿಸುತ್ತಾ ಒಮ್ಮೊಮ್ಮೆ ತಾನಾಗಿಯೇ ಶುರುಮಾಡುತ್ತಾಳೆ. "ಒಂದ್ ಲಾಕ್ ಹಾಕಕ್ಕೆ ಎಷ್ಟೊತ್ತು ಬೇಕಿತ್ತು ಭಾವ, ಇವ್ರಿಗೆ? ಅಷ್ಟು ವರ್ಷದಿಂದ ಟ್ರಾಕ್ಟರ್ ಹೊಡೆದೋರು!" ಅನ್ನುತ್ತಾಳೆ. ನಾನು ಅನ್ನ ಕಲಸುತ್ತಾ ಕೂರುತ್ತೇನೆ. ನಿನ್ನ ಮಗಳು ಸೌಂದರ್ಯ ಹತ್ತನೇ ಕ್ಲಾಸಿಗೆ ಬಂದಳು. ಎತ್ತರದಲ್ಲಿ ನಿನ್ನನ್ನೇ ಮೀರಿಸುತ್ತಾಳೆ. ಅವಳೂ ಹೋದ ವಾರ ಬಸ್ ಸ್ಟ್ಯಾಂಡಿನ ತನಕ ನನ್ನ ಜೊತೆ ಬಂದು, "ದೊಡ್ಡಪ್ಪ, ಅಪ್ಪ ನಿಜವಾಗ್ಲೂ ಮರ್ತಿದ್ರಾ?" ಎಂದು ಕೇಳಿದಳು. ಅಷ್ಟರಲ್ಲಿ ಬಸ್ಸು ಬಂತು, ಹತ್ತಿಬಿಟ್ಟೆ.

ಇನ್ನು ನೀನು ಕಾದಿರುವ ಸಮಾಚಾರ. ಕೆಂಪಿ ಬಂದಳು. ಕೋರ್ಟಿನ ಆದೇಶ ಹಿಡಿದು ಸೊರಬದ ಠಾಣೆ ಅಂಗಳದಿಂದ ಟ್ರಾಕ್ಟರನ್ನು ಲಾರಿಗೆ ಹತ್ತಿಸಿ ಇಲ್ಲಿ ಶೆಡ್ಡಿಗೆ ತಂದೆ. ಆರು ಮಳೆಗಾಲ ಒಂದೇ ಕಡೆ ನಿಂತು ಚಕ್ರಗಳು ಗೇಣು ಆಳ ಮಣ್ಣಿಗೆ ಇಳಿದಿದ್ದವು. ಬಾನೆಟ್ ಎತ್ತಿದರೆ ಒಳಗೆಲ್ಲ ಇರುವೆ, ಸೈಲೆನ್ಸರ್ ಬಾಯಲ್ಲಿ ಒಂದು ಗಿಡ. ಅಪ್ಪ ಸ್ಟೇರಿಂಗಿಗೆ ಸುತ್ತಿಸಿದ್ದ ಹಸಿರು ಪ್ಲಾಸ್ಟಿಕ್ ದಾರ ಮಾತ್ರ ಹೊಸದರಂತೆ ಇದೆ. ಇಂಜಿನ್ ಪೂರ್ತಿ ಜಾಮ್. ಹೆಡ್ ಬಿಚ್ಚಿ ಡೀಸೆಲ್, ಎಣ್ಣೆ ತುಂಬಿ ಹದಿನೈದು ದಿನ ಬಿಟ್ಟೆ. ಮರದ ತುಂಡು ಇಟ್ಟು ಬಡಿದೆ. ಪಿಸ್ಟನ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಕೋಳಿ ಮೊಟ್ಟೆ ಇಟ್ಟು ಮರಿ ಮಾಡಿದ್ದ ಟ್ರಾಕ್ಟರುಗಳನ್ನು ಎಬ್ಬಿಸಿ ಓಡಿಸಿದವನು ನಾನು. ನಮ್ಮ ಮನೆಯ ಗಾಡಿಯನ್ನು ನನ್ನ ಕೈಯಲ್ಲಿ ಎಬ್ಬಿಸಲಾಗದು ವಸಂತ, ಇದು ಖಂಡಿತ.

ನೀನು ಈ ಶೆಡ್ಡಿಗೆ ವೃದ್ಧಾಶ್ರಮ ಎಂದು ಹೆಸರಿಟ್ಟಿದ್ದೆ. ಈಗ ನಿಜಕ್ಕೂ ಹಾಗೇ ಆಗಿದೆ. ನಾಲ್ಕು ಹಳೇ ಟ್ರಾಕ್ಟರು ಧೂಳು ತಿನ್ನುತ್ತಾ ನಿಂತಿವೆ, ಐದನೆಯವನಾಗಿ ನಾನು. ಕುಬಟೂರಿನ ಗಾಡಿ ನೆನಪಿದೆಯಲ್ಲ, ಲೋಕಮ್ಮನವರ ಹಿತ್ತಲಲ್ಲಿ ಬಳ್ಳಿಯ ಒಳಗೆ ಮುಚ್ಚಿಹೋಗಿದ್ದದ್ದು? ಕೆಂಪಿಯದೇ ಮಾಡೆಲ್ಲು, ಅದೇ ಬಿ-275, ಆದರೆ ಅವಳಿಗಿಂತ ಹಿರಿಯದು. ಅದಕ್ಕೆ ಎರಡು ವರ್ಷ ಕೂತೆ. ಒಂದು ಬೋಲ್ಟೂ ಹೊಸದು ಹಾಕಬಾರದು, ಎಲ್ಲ ಆ ಕಾಲದ್ದೇ ಆಗಬೇಕು ಎಂಬ ಹುಚ್ಚು ನನಗೆ. ಗುಜರಿ ಅಂಗಡಿಗಳಲ್ಲಿ ಕೂತು ಕೈಯೆಲ್ಲ ಕೊಯ್ದುಕೊಳ್ಳುತ್ತಿದ್ದೆ. ನೀನು ಬಂದು ಬಾಗಿಲಲ್ಲಿ ನಿಂತು, "ಬದುಕಿರೋ ಗಾಡಿಗೆ ಗ್ರೀಸ್ ಹಾಕಲ್ಲ, ಸತ್ತಿರೋದಕ್ಕೆ ಬಣ್ಣ ಬಳೀತೀಯಲ್ಲೋ ಅಣ್ಣ" ಎಂದು ನಗುತ್ತಿದ್ದೆ. ಶಿವಮೊಗ್ಗದ ಹಳೇ ಗಾಡಿಗಳ ಮೇಳದಲ್ಲಿ ಆ ಗಾಡಿಗೆ ಮೊದಲ ಬಹುಮಾನ ಬಂತು, ನನಗೆ ಶಾಲು ಹೊದಿಸಿದರು. ಆ ಶಾಲನ್ನು ಮಡಿಕೆ ಬಿಚ್ಚಿ ನೋಡಿಲ್ಲ. ದುರುಗಮ್ಮ ಸತ್ತ ಮೂರನೇ ದಿನ ಅದು.

ಓದುವ ಸಾಹೇಬರಿಗೂ ತಲೆಬುಡ ತಿಳಿಯಲಿ ಎಂದು ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಟ್ರಾಕ್ಟರಿಗೆ ಬ್ರೇಕ್ ಪೆಡಲು ಎರಡು, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಗದ್ದೆಯಲ್ಲಿ ಒಂದನ್ನೇ ಒತ್ತಿದರೆ ಗಾಡಿ ನಿಂತ ಜಾಗದಲ್ಲೇ ತಿರುಗುತ್ತದೆ. ರಸ್ತೆಗೆ ಬರುವ ಮೊದಲು ಎರಡನ್ನೂ ಸೇರಿಸಿ ಲಾಕ್ ಹಾಕಬೇಕು. ಲಾಕ್ ಎಂದರೆ ಬೆರಳುದ್ದದ ಒಂದು ಕಬ್ಬಿಣದ ಪಟ್ಟಿ, ಅಷ್ಟೇ. ಅದಿಲ್ಲದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಒಂದೇ ಚಕ್ರ ಹಿಡಿದು ಗಾಡಿ ಪಕ್ಕಕ್ಕೆ ಎಳೆದುಕೊಂಡು ಹೋಗಿ ಮಗುಚುತ್ತದೆ. ನಾಟಿಗೆ ಮೊದಲು ಗದ್ದೆಯಲ್ಲಿ ಕೆಸರು ಹೊಡೆದು ದಣಿದು ಬಂದವರು ಲಾಕ್ ಹಾಕುವುದನ್ನು ಮರೆಯುವುದು ನಮ್ಮ ಕಡೆ ಹೊಸದಲ್ಲ. ಹಾಗಾಗಿ ನಿನ್ನ ವಿಷಯದಲ್ಲೂ ಎಲ್ಲರೂ ಅದನ್ನೇ ನಂಬಿದರು. ಹಿಂದಿನ ದಿನ ನೀನು ಕೆಸರು ಹೊಡೆದಿದ್ದೆ. ಮರುದಿನ ಸಂಜೆ ನಾಟಿ ಮುಗಿಸಿದ ಹೆಂಗಸರನ್ನು ಜಡೆ ಊರಿನ ಕಡೆಯಿಂದ ಟ್ರೈಲರಿನಲ್ಲಿ ಕರೆತರುವಾಗ ಕೆರೆ ಏರಿಯ ಮೇಲೆ ಕರು ಅಡ್ಡ ಬಂತು. ನೀನು ಬ್ರೇಕ್ ಒತ್ತಿದೆ. ಮಡ್‌ಗಾರ್ಡಿನ ಮೇಲೆ ಕೂತಿದ್ದ ದುರುಗಮ್ಮ ಗಾಡಿಯ ಅಡಿಗೆ ಹೋದಳು. ನಿನ್ನ ಮದುವೆಗೆ ಸೋಬಾನೆ ಹಾಡಿದವಳು ಅವಳೇ.

ಗಾಡಿ ಪರೀಕ್ಷೆ ಮಾಡಿದವರು ಎರಡೂ ಪೆಡಲು ಬೇರೆ ಬೇರೆ ಇದ್ದವು ಎಂದು ಬರೆದರು. ಪಟ್ಟಿ ಗಾಡಿಯಲ್ಲಿ ಸಿಗಲಿಲ್ಲ, ಮಗುಚಿದಾಗ ಕೆರೆಗೆ ಬಿದ್ದಿರಬೇಕು ಎಂದುಕೊಂಡರು. ಕೋರ್ಟಿನಲ್ಲಿ ನನ್ನನ್ನು ಕಟಕಟೆಗೆ ಕರೆದು, "ಈ ಗಾಡಿಗೆ ಲಾಕ್ ಇತ್ತೇನ್ರೀ?" ಎಂದು ಕೇಳಿದರು. "ಇತ್ತು ಸ್ವಾಮಿ" ಎಂದೆ. ಲಾಕ್ ಇದ್ದ ಮೇಲೆ ಹಾಕದೇ ಇದ್ದದ್ದು ಡ್ರೈವರ್ ತಪ್ಪು ಎಂದಾಯಿತು. ಹೊರಗೆ ಬಂದಾಗ ಊರಿನವರು, "ತಮ್ಮ ಅಂತ ಸುಳ್ಳು ಹೇಳ್ಲಿಲ್ಲ ನೋಡ್ರಿ, ಮನುಷ್ಯ ಅಂದ್ರೆ ಹಿಂಗಿರ್ಬೇಕು" ಎಂದು ನನ್ನ ಬೆನ್ನು ತಟ್ಟಿದರು. ನೀನೂ ನನ್ನ ಮೇಲೆ ಸಿಟ್ಟಾಗಲಿಲ್ಲ. ಅಪೀಲೂ ಬಿದ್ದುಹೋಯಿತು. ಹದಿನೆಂಟು ತಿಂಗಳಲ್ಲಿ ಹದಿನೈದು ಕಳೆದಿದ್ದೀಯ, ಇನ್ನು ಮೂರು.

ಮೊದಮೊದಲು ಲಾಕ್ ಹಾಕಿದ್ದೆ ಎಂದು ಆಣೆ ಮಾಡುತ್ತಿದ್ದವನು ನೀನು. ಹೋದ ಕಾಗದದಲ್ಲಿ, "ನಂಗೇ ಗೊತ್ತಾಗ್ತಿಲ್ಲ ಅಣ್ಣ. ಕಣ್ಣು ಮುಚ್ಚಿದ್ರೆ ಹಾಕ್ದಂಗೂ ಕಾಣ್ತದೆ, ಹಾಕ್ದೇ ಬಂದಂಗೂ ಕಾಣ್ತದೆ. ದುರುಗಮ್ಮನ್ನ ನಾನೇ ಕೊಂದ್ನೇನೋ. ಕೆಂಪಿ ಬಂದ್ರೆ ಪೆಡಲ್ ಹತ್ರ ಸರಿಯಾಗಿ ನೋಡಿ ಬರಿ" ಎಂದು ಬರೆದಿದ್ದೆ. ನೋಡಿದೆ. ತುಕ್ಕು ಬಿಟ್ಟರೆ ಏನೂ ಉಳಿದಿಲ್ಲ. ಇಷ್ಟು ವರ್ಷದ ಮೇಲೆ ಯಾವುದು ಯಾವಾಗ ಹೋಯಿತು ಎಂದು ಹೇಳಲಾಗದು. ಇದನ್ನು ಇನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊತ್ತು ಹೊತ್ತಿಗೆ ಉಣ್ಣು.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಕೆಂಪಿಯನ್ನು ಗುಜರಿಗೆ ಕೊಟ್ಟುಬಿಡು, ಕಣ್ಣೆದುರು ಇರುವುದು ಬೇಡ ಎಂದೂ ಹೇಳಿದ್ದಾಳೆ. ಅಪ್ಪನ ಪುಣ್ಯ ನಿನ್ನನ್ನು ಕಾಯಲಿ.

ಇಂತು ನಿನ್ನ ಅಣ್ಣ,
ಮಲ್ಲೇಶಪ್ಪ

ಮರೆತ ಮಾತು: ಮರೆತದ್ದಲ್ಲ. ಕಾಗದ ಅಂಟಿಸಿಕೊಂಡು ಅಂಚೆ ಡಬ್ಬದ ತನಕ ಹೋಗಿ ವಾಪಸು ಬಂದು ಒಡೆದು ಬರೆಯುತ್ತಿದ್ದೇನೆ. ಪೆಡಲಿನ ಅಡಿಯಲ್ಲಿ ತುಕ್ಕಿನ ಜೊತೆ ಎರಡು ಸುತ್ತು ತಂತಿಯೂ ಸಿಕ್ಕಿತು, ಹರಿದಿದೆ. ಅದರ ಗಂಟು ನನ್ನದು. ಕುಬಟೂರಿನ ಗಾಡಿಗೆ ಎಲ್ಲ ಸಿಕ್ಕಿತ್ತು, ಆ ಲಾಕ್ ಪಟ್ಟಿ ಒಂದೇ ಸಿಕ್ಕಿರಲಿಲ್ಲ. ಮೇಳ ಮುಗಿಯುವ ತನಕ ನಾಲ್ಕು ದಿನಕ್ಕೆ ಅಂತ, ನೀನು ಕೆಸರು ಹೊಡೆದು ಬಂದು ಊಟಕ್ಕೆ ಕೂತಾಗ ಕೆಂಪಿಯದನ್ನು ಬಿಚ್ಚಿಕೊಂಡೆ. ಎರಡು ಪೆಡಲನ್ನೂ ಸೇರಿಸಿ ಕಾಣದ ಹಾಗೆ ಅಡಿಯಲ್ಲಿ ತಂತಿ ಸುತ್ತಿ ಮೇಲೆ ಗ್ರೀಸ್ ಮೆತ್ತಿದೆ. ಅಣ್ಣ ನೋಡಿಕೊಂಡ ಗಾಡಿ ಎಂದು ನೀನು ಯಾವತ್ತೂ ಬಗ್ಗಿ ನೋಡಿದವನಲ್ಲ, ನಿನಗೆ ಹೇಳಲೂ ಇಲ್ಲ. ಕೋರ್ಟಿನಲ್ಲಿ ನನಗೆ ಎಲ್ಲ ನೆನಪಿತ್ತು. ಹೆದರಿದೆ ವಸಂತ, ಅಷ್ಟೇ. ಬೇರೆ ಯಾರದೋ ಕಥೆ ಎಂಬಂತೆ ವಕೀಲರನ್ನು ಕೇಳಿದೆ. "ಈಗ ಹೇಳಿ ಏನ್ರೀ ಉಪಯೋಗ, ಹೈಕೋರ್ಟಲ್ಲಿ ಕೇಸ್ ಬರೋ ಹೊತ್ತಿಗೆ ಆ ಮನುಷ್ಯ ಶಿಕ್ಷೆ ಮುಗಿಸಿ ಮನೇಲಿರ್ತಾನೆ" ಎಂದರು. ನಿನ್ನ ಒಂದು ದಿನವನ್ನೂ ನಾನು ವಾಪಸು ತರಲಾರೆ, ದುರುಗಮ್ಮನನ್ನಂತೂ ಇಲ್ಲವೇ ಇಲ್ಲ. ಪಟ್ಟಿಯನ್ನು ಬೆಳಿಗ್ಗೆ ಕುಬಟೂರಿನ ಗಾಡಿಯಿಂದ ಬಿಚ್ಚಿದ್ದೇನೆ, ಬರೆಯುವಾಗ ಮೇಜಿನ ಮೇಲಿದೆ. ಸಾಹೇಬರೇ, ನೀವು ಮೊದಲು ಓದುತ್ತೀರಿ ಎಂದು ಗೊತ್ತಿದ್ದೇ ಬರೆದಿದ್ದೇನೆ. ವಿಳಾಸ ಹಿಂದುಗಡೆ ಇದೆ, ಯಾರನ್ನು ಬೇಕಾದರೂ ಕಳಿಸಿ, ಎಲ್ಲಿಗೂ ಹೋಗುವುದಿಲ್ಲ. ಈ ಹಾಳೆಯನ್ನು ಮಾತ್ರ ಅವನಿಗೆ ತಲುಪಿಸಿ. ವಸಂತ, ನಾನು ಬಿಚ್ಚುವಾಗ ಲಾಕ್ ಹಾಕಿಯೇ ಇತ್ತು. ನೀನು ಹಾಕಿದ್ದೆ.