ನಲವತ್ತೊಂದು ಚುಕ್ಕೆ

ಸೋಮವಾರ, ನಾಲ್ಕನೇ ತಾರೀಖು

ಪ್ರೀತಿಯ ಚುಕ್ಕಿಗೆ,

ನಿನಗೂ, ನಿನ್ನ ಹೊಟ್ಟೆಯಲ್ಲಿ ಐದು ತಿಂಗಳಿಂದ ಬಿಡಾರ ಹೂಡಿರುವ ಮಹನೀಯರಿಗೂ, ಕನ್ನಡಕ ಏರಿಸಿಕೊಂಡು ಇದನ್ನು ಜೋರಾಗಿ ಓದುತ್ತಿರುವ ಅಮ್ಮನಿಗೂ ನನ್ನ ನಮಸ್ಕಾರ. ನಿನ್ನ ಮನೆಗೆ ಬರುವ ಕಾಗದ ಯಾರ ಹೆಸರಿಗೇ ಇರಲಿ, ಒಡೆಯುವವಳು ಅಮ್ಮ, ಓದುವವಳು ಅಮ್ಮ, ಸ್ಟೂಲಿನ ಮೇಲೆ ಕಾಲು ಚಾಚಿ ಕೇಳುವವಳು ಮಾತ್ರ ನೀನು ಎಂಬ ವ್ಯವಸ್ಥೆ ನನಗೆ ಗೊತ್ತು. ಫೋನು ಮಾಡಿದರೂ ಎತ್ತುವವಳು ಅವಳೇ. ಹನ್ನೊಂದು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಇಬ್ಬರೂ ಹಂಚಿಕೊಂಡು ಬೈಯಿರಿ. ಪೇಟೆಯ ಅಂಗಡಿಗಳಿಗೆಲ್ಲ ಬೋರ್ಡು ಬರೆಯುವವನಿಗೆ ತಂಗಿಗೆ ನಾಲ್ಕು ಸಾಲು ಗೀಚುವುದಕ್ಕೆ ಪುರುಸೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ನಾನೂ ನಂಬುವುದಿಲ್ಲ.

ಸಮಾಚಾರವೇನೆಂದರೆ, ನಮ್ಮ ಮನೆಗೆ ಕರೆಯದ ಅತಿಥಿಯೊಬ್ಬರ ಆಗಮನವಾಗಿದೆ. ಹೆಸರು ಚಿಕನ್‌ಪಾಕ್ಸ್. ಮಗಳ ಶಾಲೆಯಲ್ಲಿ, ಅವಳ ಬೆಂಚಿನವಳೇ ಪೆನ್ಸಿಲ್ ಜೊತೆಗೆ ಇದನ್ನೂ ಎರವಲು ಕೊಟ್ಟಳಂತೆ. ಪೆನ್ಸಿಲ್ ವಾಪಸ್ಸಾಗಿದೆ. ಏಳು ವರ್ಷದ ನಿನ್ನ ಸೊಸೆ ಈಗ ಮಂಚದ ಮೇಲೆ ಮಹಾರಾಣಿ. ಬೆಳಿಗ್ಗೆ ಎದ್ದೊಡನೆ ಅಂಗಿ ಎತ್ತಿ ಗಣತಿ ಶುರುಮಾಡುತ್ತಾಳೆ. "ಹೊಟ್ಟೆ ಮೇಲೆ ಹತ್ತೊಂಬತ್ತು. ಬೆನ್ನಿಂದು ನೀನೇ ಎಣಿಸಿ ಹೇಳಪ್ಪಾ, ಸುಳ್ಳು ಹೇಳ್ಬೇಡ." ನಾನು ಒಂದೆರಡು ಹೆಚ್ಚಿಗೆ ಹೇಳಿದರೆ ಖುಷಿಪಡುತ್ತಾಳೆ.

ನಿನ್ನ ಅತ್ತಿಗೆ ತುರ್ತುಪರಿಸ್ಥಿತಿ ಘೋಷಿಸಿದ್ದಾಳೆ. ಬಾಚಣಿಗೆ ಬೇರೆ, ಲೋಟ ಬೇರೆ, ಟವೆಲಿಗೆ ದಾರದ ಗುರುತು. ನಾಲ್ಕು ವರ್ಷದ ಮಗನನ್ನು ಅಕ್ಕನಿಂದ ದೂರವಿಡಲು ಮುಂದಿನ ಕೋಣೆಗೆ, ಎಂದರೆ ನನ್ನ ಬಣ್ಣದ ಡಬ್ಬಿಗಳ ನಡುವೆ, ಗಡೀಪಾರು ಮಾಡಲಾಗಿದೆ. ಅಲ್ಲಿಂದ ಅವನು, "ಅಕ್ಕಾ, ನಿಂಗೆ ಇವತ್ತು ಎಷ್ಟಾಯ್ತು?" ಎಂದು ಗೋಡೆ ಬಿರಿಯುವಂತೆ ಕೂಗುತ್ತಾನೆ. ಈ ಕಾಗದಕ್ಕೂ ಇಸ್ತ್ರಿ ಹಾಕಲಾಗಿದೆ. ರೋಗಾಣುಗಳು ಸತ್ತವೋ ಇಲ್ಲವೋ, ಗೆರೆಗಳಂತೂ ಹೋಗಿವೆ.

ಮನೆಯ ಯಜಮಾನನಾಗಿ ನಾನು ಮಾಡಿದ ಸಾಹಸ ಒಂದೇ: "ಒಳಗೆ ಬರಬೇಡಿ" ಎಂದು ಬಾಗಿಲಿಗೆ ಬೋರ್ಡು ಬರೆದು ಹಾಕಿದೆ. ಹಳದಿ ಹಿನ್ನೆಲೆ, ಕೆಂಪಕ್ಷರ, ಕೆಳಗೆ ತೆಳ್ಳಗೆ ನೆರಳು. ಪರಿಣಾಮವಾಗಿ ಇದುವರೆಗೆ ಬಾರದವರೆಲ್ಲ ಬಂದು ನಿಂತು ನೋಡುತ್ತಿದ್ದಾರೆ. ಎದುರುಮನೆಯ ಕ್ಷೌರಿಕರು ಹೊಸ್ತಿಲವರೆಗೂ ಬಂದು, "ಏನ್ ಚೆನ್ನಾಗಿದೆ ಮಾರಾಯ್ರೆ! ಮುಂದಿನ ವಾರ ನಮ್ಮ ಮಾವನವರು ಬರ್ತಾರಂತೆ, ನಂಗೂ ಒಂದು ಬರ್ಕೊಡಿ" ಎಂದರು. ನಿನ್ನ ಅತ್ತಿಗೆ ಒಳಗಿನಿಂದಲೇ, "ನಿಮ್ಮ ಅಕ್ಷರ ನೋಡೋಕೇ ಆ ರೋಗಾನೂ ಬಂದಿರ್ಬೇಕು" ಎಂದಳು.

ಭಾವ ದಿನಾ ಏಳು ಗಂಟೆಗೆ ಬ್ರೆಡ್ ವ್ಯಾನು ನಿಲ್ಲಿಸಿ ಕಿಟಕಿಯಿಂದ ಬ್ರೆಡ್ ಕೊಡುತ್ತಾರೆ. ಈ ಕಾಗದವನ್ನು ಬನ್ ಎತ್ತುವ ಇಕ್ಕಳದಲ್ಲಿ ಹಿಡಿದು ಒಯ್ಯುವುದಾಗಿ ಮಾತು ಕೊಟ್ಟಿದ್ದಾರೆ. ನಿನ್ನ ಗಂಡನಾದರೂ ವಿವೇಕಿ.

ಇನ್ನು ನಿಜವಾದ ಮಾತು. ನೀನು ಈ ಕಡೆ ತಲೆ ಹಾಕಬೇಡ. ಬಾಗಿಲು ಬೇಡ, ಕಿಟಕಿ ಬೇಡ, ಬೀದಿಯ ಆ ತುದಿಯೂ ಬೇಡ. ಇದನ್ನು ಮಾತ್ರ ತಮಾಷೆಗೆ ಬರೆದಿಲ್ಲ.

ಅಮ್ಮನ ಬೆರಳುಗಳು ಈಗಲೂ ಕುರ್ಚಿಯ ಕೈ ಮೇಲೆ ಟಪಟಪ ಟೈಪು ಮಾಡುತ್ತವೆಯೇ?

ನಿನ್ನ ಅಣ್ಣ


ಮಂಗಳವಾರ, ಹತ್ತೊಂಬತ್ತನೇ ತಾರೀಖು

ಪ್ರೀತಿಯ ಚುಕ್ಕಿಗೆ,

ನಿನ್ನ ಉತ್ತರ ಬಂದು ವಾರವಾಯಿತು. ಓದಿದೆ, ಮಡಚಿದೆ, ಮತ್ತೆ ಓದಿದೆ. ತಡವಾದದ್ದಕ್ಕೆ ಈ ಸಲ ಕಾರಣ ಹೇಳಿದರೆ ಅದೂ ತಮಾಷೆಯಾಗಿ ಕೇಳಿಸೀತು. ಅದಕ್ಕೇ ಹೇಳುವುದಿಲ್ಲ.

ನೀನು ಬರೆದಿರುವೆ: "ನಂಗೆ ನಾಲ್ಕನೇ ವರ್ಷಕ್ಕೇ ಆಗಿಹೋಗಿದೆಯಲ್ಲೋ ಅಣ್ಣಾ, ಒಂದು ಸಲ ಬಂದ್ರೆ ಇನ್ನೊಂದು ಸಲ ಬರಲ್ಲ. ಅತ್ತಿಗೆ ಒಬ್ಬಳೇ ಒದ್ದಾಡೋದು ನೋಡ್ಕೊಂಡು ನಾನು ಕಾಲು ಚಾಚಿ ಕೂರ್ಲಾ?" ಅದರ ಪಕ್ಕದಲ್ಲೇ ಅಮ್ಮನ ಷರಾ: "ನಾನೇ ಎಣಿಸಿದ್ದೇನೆ. ಒಟ್ಟು ನಲವತ್ತೊಂದು." ಕೆಳಗೆ ಸಹಿ ಬೇರೆ. ಅಮ್ಮ ಸಹಿ ಹಾಕಿದ ಮೇಲೆ ಮೇಲ್ಮನವಿ ಎಲ್ಲಿದೆ?

ಇಲ್ಲಿ ಮಗಳ ಚುಕ್ಕೆಗಳು ಒಣಗಿ ಉದುರಿವೆ. ಮಹಾರಾಣಿಗೆ ರಾಜ್ಯ ಹೋದ ದುಃಖ. ಮೊನ್ನೆ ಭಾನುವಾರ ಬೆಳಿಗ್ಗೆ ಮಗನ ಸರದಿ ಬಂತು. ಮುಂದಿನ ಕೋಣೆಯಿಂದ, "ಅಮ್ಮಾ, ನಂಗೂ ಬಂತೂ!" ಎಂಬ ವಿಜಯಘೋಷ. ಹೋಗಿ ನೋಡಿದರೆ ಕೆನ್ನೆ, ಕೈ, ಹೊಟ್ಟೆ ಎಲ್ಲ ಕೆಂಪು. ನಿನ್ನ ಅತ್ತಿಗೆ ಅವನನ್ನು ಎತ್ತಿಕೊಂಡು ಓಡಿದಳು, ನಾನು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಹಿಂದೆ ಓಡಿದೆ. ಡಾಕ್ಟರು ಕನ್ನಡಕ ಸರಿಸಿ ನೋಡಿದರು, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದು ಚುಕ್ಕೆ ಉಜ್ಜಿದರು. ಚುಕ್ಕೆ ಹತ್ತಿಗೆ ಬಂತು.

"ಇದು ಬ್ರಷ್ಷಿಂದ ಬಂದಿರೋ ಖಾಯಿಲೆ," ಎಂದರು ಡಾಕ್ಟರು. "ಮನೆತನದ ಕಸುಬಾ?"

ಮಗ ತಲೆ ತಗ್ಗಿಸಿ, "ಅಕ್ಕಂಗೆ ಅಷ್ಟೊಂದು ಕಥೆ ಹೇಳಿದ್ರಿ, ನಂಗೆ ಒಂದೂ ಇಲ್ಲ" ಎಂದ. ನಿನ್ನ ಅತ್ತಿಗೆ ಬೈಯಲು ಹೋಗಿ ನಕ್ಕುಬಿಟ್ಟಳು. ಡಾಕ್ಟರು ನಕ್ಕರು. ಸೂಜಿ ಹಿಡಿದ ನರ್ಸಮ್ಮ ಕೂಡ ನಕ್ಕಳು. ದಾರಿಯಲ್ಲಿ ಇವಳು ಕೇಳಿದಳು: "ಬೋರ್ಡು ಓರೆಯಾದ್ರೂ ನಗೋ ಮನುಷ್ಯ ನೀವು. ಯಾಕೆ ನಗ್ಲಿಲ್ಲ?" ನಾನು, ಚಪ್ಪಲಿ ಕಚ್ಚುತ್ತಿದೆ ಎಂದೆ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಚಹಾ ಇಟ್ಟ ಕಡೆ ಮರೆಯುತ್ತೇನೆ, ಬ್ರಷ್ಷನ್ನು ಅದರಲ್ಲೇ ತೊಳೆಯುತ್ತೇನೆ. ಕನ್ನಡಕದ ಅಂಗಡಿಯ ಬೋರ್ಡಿನಲ್ಲಿ ಒಂದು ಸಾಲು ಮೇಲಕ್ಕೇರಿತು, ಇನ್ನೊಂದು ಕೆಳಕ್ಕಿಳಿಯಿತು. ಅಂಗಡಿಯವರು ನೋಡಿ, "ಪರವಾಗಿಲ್ಲ ಬಿಡಿ, ಓದೋಕಾಗ್ದೆ ಇರೋರು ತಾನೇ ನಮ್ಮಲ್ಲಿಗೆ ಬರೋದು" ಎಂದರು.

ನಿನ್ನೆ ಒಬ್ಬನೇ ಮತ್ತೆ ಡಾಕ್ಟರ ಹತ್ತಿರ ಹೋಗಿದ್ದೆ. ಗರ್ಭಿಣಿಯರಿಗೆ ಇದು ತಗುಲಿದರೆ ಏನು ಎಂದು, ಯಾರೋ ಗಿರಾಕಿಯ ಮನೆಯವರ ವಿಷಯ ಎಂಬಂತೆ ಕೇಳಿದೆ. "ಚಿಕ್ಕಂದಿನಲ್ಲಿ ನಿಜವಾಗಿ ಆಗಿದ್ರೆ ಭಯ ಇಲ್ಲ. ಆಗಿಲ್ಲ ಅಂದ್ರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ. ಹತ್ತಿರವೇ ಸುಳಿಯೋದು ಬೇಡ" ಎಂದರು. ಕೇಳಿಸಿಕೊಂಡೆಯಾ? ಆದ್ದರಿಂದ ಬರಬೇಡ. ಅಲ್ಲದೆ ಮೆಟ್ಟಿಲಿಗೆ ಹೊಸದಾಗಿ ಬಣ್ಣ ಬಳಿದಿದ್ದೇನೆ, ಜಾರುತ್ತದೆ. ಮಂಚದ ಒಂದು ಕಾಲು ಅಲ್ಲಾಡುತ್ತಿದೆ. ಎದುರುಮನೆಯಲ್ಲಿ ಮಾವನವರು ಬಂದಿದ್ದಾರೆ, ಅವರು ಗರ್ಭಿಣಿಯರನ್ನು ಕಂಡರೆ ಒಂದು ಗಂಟೆ ಉಪದೇಶ ಮಾಡುತ್ತಾರೆ. ಇಷ್ಟು ಕಾರಣ ಸಾಲದೆ? ಇನ್ನೂ ಬೇಕಿದ್ದರೆ ಹೇಳು, ಬರೆದು ಕಳಿಸುತ್ತೇನೆ.

ನಿನ್ನ ಅಣ್ಣ


ಗುರುವಾರ, ಇಪ್ಪತ್ತೊಂದನೇ ತಾರೀಖು, ಬೆಳಿಗ್ಗೆ ಒಂಬತ್ತು

ಪ್ರೀತಿಯ ಚುಕ್ಕಿಗೆ,

ಈ ಸಲ ತಡಮಾಡಿಲ್ಲ ನೋಡು. ಎರಡೇ ದಿನಕ್ಕೆ ಇನ್ನೊಂದು ಕಾಗದ! ಮಧ್ಯಾಹ್ನ ಖಾಲಿ ಟ್ರೇ ತುಂಬಿಕೊಂಡು ಭಾವನ ವ್ಯಾನು ಹಿಂತಿರುಗುವುದರೊಳಗೆ ಇದು ಮುಗಿಯಬೇಕು. ಇಸ್ತ್ರಿ ಹಾಕುವವರೂ ಇಲ್ಲ, ಏಕೆಂದರೆ ಇಸ್ತ್ರಿ ಇಲಾಖೆ ಹಾಸಿಗೆ ಹಿಡಿದಿದೆ.

ನಿನ್ನೆ ಮಗನಿಗೆ ಬಂತು, ಈ ಸಲ ಅಸಲಿ. ಸ್ಪಿರಿಟ್ಟು ಹಚ್ಚಿದೆ, ಚುಕ್ಕೆ ಹೋಗಲಿಲ್ಲ. ಅವನು ಹೆಮ್ಮೆಯಿಂದ ಅಕ್ಕನಿಗೆ ಕೂಗಿದ, ಆಮೇಲೆ ತುರಿಕೆ ಶುರುವಾಗಿ ಹೆಮ್ಮೆ ಬಿಟ್ಟು ಅತ್ತ. ಸಂಜೆಗೆ ನಿನ್ನ ಅತ್ತಿಗೆಗೂ ಜ್ವರ. ಅವಳ ಕುತ್ತಿಗೆಯ ಮೇಲೆ ಮೊದಲ ಚುಕ್ಕೆ ಕಂಡುಹಿಡಿದವಳು ಮಗಳೇ. ಅನುಭವಸ್ಥೆ. ಈಗ ತಾಯಿಗೆ, "ಉಗುರು ತಾಗಿಸ್ಬೇಡ, ಕಲೆ ಉಳಿಯತ್ತೆ ನೋಡು" ಎಂದು ಬೆರಳಾಡಿಸಿ ಗದರುತ್ತಾಳೆ. ಇಬ್ಬರಿಗೂ ಗುಲಾಬಿ ಬಣ್ಣದ ಲೋಷನ್ ಹಚ್ಚುವ ಕೆಲಸ ನನ್ನದು. "ನಿಧಾನ, ನಾನೇನು ಗೋಡೆನಾ?" ಎಂದು ನಿನ್ನ ಅತ್ತಿಗೆ. ಅಷ್ಟು ಜ್ವರದಲ್ಲೂ ನಾಲಗೆ ಚುರುಕಾಗಿದೆಯೆಂದರೆ ಹೆದರುವಂಥದ್ದಿಲ್ಲ ಎಂದು ಡಾಕ್ಟರೂ ಹೇಳಿದ್ದಾರೆ. ಗಂಜಿ ಬೇಯಿಸಲು ಕಲಿತಿದ್ದೇನೆ. ಅದನ್ನು ಬೋರ್ಡು ಅಂಟಿಸಲೂ ಬಳಸಬಹುದು.

ಬೆಳಿಗ್ಗೆ ಭಾವ ಕಿಟಕಿಗೆ ಬಂದವರು, "ನಾಳೆ ಅವಳನ್ನ ವ್ಯಾನಲ್ಲೇ ಕೂರಿಸ್ಕೊಂಡು ಬರ್ತೀನಿ. ಸೂಟ್‌ಕೇಸ್ ಕಟ್ಟಿ ಆಗಿದೆ. ನನ್ನ ಮಾತು ಎಲ್ಲಿ ಕೇಳ್ತಾಳೆ ಭಾವ? ಅತ್ತೆಯೋರೂ 'ಹೋಗ್ಲಿ ಬಿಡಿ, ಅವಳಿಗೆ ಆಗಿದೆ' ಅಂತಿದಾರೆ" ಎಂದರು.

ಆಗಲೇ ಹೇಳಿಬಿಡಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ. "ಎರಡು ಬ್ರೆಡ್ ಕೊಡಿ" ಎಂದು ಬಂತು. ನಾಲ್ಕು ದಿನದಿಂದ ಹೀಗೇ. ಪ್ರತಿ ಬೆಳಿಗ್ಗೆ ಹೇಳಲು ಬಾಯಿ ತೆರೆಯುವುದು, ಬ್ರೆಡ್ ಕೇಳುವುದು. ಈಗ ಅಡುಗೆಮನೆಯ ಕಪಾಟಿನಲ್ಲಿ ಏಳು ಬ್ರೆಡ್ಡುಗಳಿವೆ. ಮಗಳು ಕಪಾಟು ತೆಗೆದು, "ಅಪ್ಪಾ, ನಾವು ಅಂಗಡಿ ಇಡ್ತೀವಾ?" ಎಂದಳು.

ಚುಕ್ಕೀ, ನೀನು ಬಂದರೆ ನಿನ್ನ ಅತ್ತಿಗೆಗೆ ಎಷ್ಟು ಆಸರೆ ಎಂದು ಗೊತ್ತು. ನಿನ್ನ ಕೈಯ ಅಡುಗೆ, ನಿನ್ನ ಬಾಯಿಯ ಜೋರು, ಎರಡೂ ಈ ಮನೆಗೆ ಬೇಕಾಗಿವೆ. ಆದರೂ ಬರಬೇಡ. ಹುಟ್ಟಲಿರುವ ಮಹನೀಯರು ನೆಮ್ಮದಿಯಾಗಿರಲಿ, ನಿನ್ನ ಕಾಲಿನ ಊತ ಇಳಿಯಲಿ, ಅಮ್ಮನ ಕಣ್ಣು ತಂಪಾಗಿರಲಿ. ಈ ಅಣ್ಣನ ಹರಕೆ ಅಷ್ಟೇ.

ನಿನ್ನ ಅಣ್ಣ

ಮತ್ತೆ ಬರೆದದ್ದು: ಅಮ್ಮಾ, ನೀನು ಇಲ್ಲಿಗೆ ಮಡಚಿಡಲು ಹೊರಟಿರುತ್ತೀ. ಮಡಚಬೇಡ. ಇದನ್ನೂ ಅವಳಿಗೆ ಜೋರಾಗಿ ಓದು.

ಅವಳಿಗೆ ಆ ಖಾಯಿಲೆ ಬಂದೇ ಇಲ್ಲ. ನಲವತ್ತೊಂದು ಚುಕ್ಕೆ ಬರೆದವನು ನಾನು.

ನನಗೆ ಒಂಬತ್ತು ವರ್ಷ, ಅವಳಿಗೆ ನಾಲ್ಕು. ನನಗೆ ಇದೇ ಸೀತಾಳೆ ಸಿಡುಬು ಎದ್ದಾಗ ನೀನು ಅವಳನ್ನು ದೊಡ್ಡಮ್ಮನ ಮನೆಗೆ ಕಳಿಸಿದ್ದೆ. ನನ್ನ ಹಕ್ಕಳೆ ಪೂರ್ತಿ ಉದುರಿದ ಮೇಲೆಯೇ ಕರೆಸಿಕೊಂಡೆ. ಆ ಮೂರು ವಾರ ನೀನು ನನ್ನ ಪಕ್ಕ ಕೂತು ಹೇಳಿದ ಕಥೆಗಳನ್ನೆಲ್ಲ ನಾನು ಅವಳಿಗೆ ಹೇಳಿ ಉರಿಸಿದೆ. "ನಂಗೂ ಚುಕ್ಕೆ ಬೇಕು, ನಂಗೂ ಅಮ್ಮ ಬೇಕು" ಎಂದು ನೆಲಕ್ಕೆ ಬಿದ್ದು ಅತ್ತಳು. ನಾನು ನಿನ್ನ ಮೇಜಿನ ಮೇಲಿನ ಕೆಂಪು ಶಾಯಿಗೆ ಗೋಂದು ಕಲೆಸಿದೆ, ಒಣಗಿದರೆ ಹಕ್ಕಳೆಯ ಹಾಗೇ ಕಾಣುತ್ತದೆಂದು. ಅವಳು ಅಳು ನಿಲ್ಲಿಸಿ, ಕಚಗುಳಿಗೆ ನಗುತ್ತ ಬೆನ್ನು ಕೊಟ್ಟಳು. ನಾನು ಬರೆದ ಮೊದಲ ಬೋರ್ಡು ಅದು.

ಅಂದೇ ನಿನ್ನ ಟೈಪಿಂಗ್ ಪರೀಕ್ಷೆ ಎಂದು ನನಗೆ ಗೊತ್ತಿರಲಿಲ್ಲ. ಅದರಲ್ಲಿ ಪಾಸಾದರೆ ಆಫೀಸಿನಲ್ಲಿ ಕೆಲಸ ಖಾಯಂ, ಇಲ್ಲದಿದ್ದರೆ ಇಲ್ಲ ಎಂಬುದು ತಿಳಿದದ್ದು ಎಷ್ಟೋ ಆದ ಮೇಲೆ. ನೀನು ಚಪ್ಪಲಿ ಮೆಟ್ಟಿ ಹೊರಟವಳು ಅವಳಿಗೆ ಮುತ್ತು ಕೊಡಲು ಬಗ್ಗಿದೆ. ನೋಡಿದೆ. ಚಪ್ಪಲಿ ಬಿಚ್ಚಿದೆ. "ಇನ್ನು ಡಾಕ್ಟರು ಯಾಕೆ, ಮೂರು ವಾರ ಇದನ್ನ ನೋಡೀ ನೋಡೀ ನಂಗೇ ಎಲ್ಲಾ ಗೊತ್ತಾಗಿದೆ" ಎಂದೆ. ನಾನು ಬ್ರಷ್ಷು ಬೆನ್ನ ಹಿಂದೆ ಹಿಡಿದು ಅಲ್ಲೇ ನಿಂತಿದ್ದೆ. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ನೀನು ಎಣಿಸುತ್ತಿದ್ದೆ. ಸಿಕ್ಕಿಬೀಳುವ ಭಯಕ್ಕೆ ಎಂಟು ದಿನ, ನೀನು ನೀರು ತರಲು ಹೋದಾಗಲೆಲ್ಲ, ಅಳಿಸಿಹೋದದ್ದನ್ನು ಮತ್ತೆ ತಿದ್ದಿದೆ. ಉಳಿದದ್ದನ್ನು ನಿನ್ನ ಲೋಷನ್ನೇ ಮುಚ್ಚಿತು. ಅವಳಿಗೆ ಚುಕ್ಕಿ ಎಂದು ನೀನು ಹೆಸರಿಟ್ಟದ್ದೂ ಆ ವಾರವೇ. ಆಮೇಲೆ ಆಫೀಸಿನವರು ನಿನ್ನನ್ನು ಬರಬೇಡ ಎಂದರು. ಯಾರು ಕೇಳಿದರೂ ನೀನು, "ಮಕ್ಕಳಿಗಿಂತ ಟೈಪ್‌ರೈಟರ್ ಹೆಚ್ಚಾ?" ಎನ್ನುತ್ತಿದ್ದೆ. ನಿನ್ನ ಬೆರಳು ಕುರ್ಚಿಯ ಮೇಲೆ ಆಡುವುದನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ.

ಚುಕ್ಕೀ, ನಿನಗೆ ಚಿಕ್ಕಂದಿನದು ನೆನಪಿರುವುದು ಅದೊಂದೇ ಎನ್ನುತ್ತಿದ್ದೆಯಲ್ಲ, ಅಮ್ಮ ಎಂಟು ದಿನ ತಲೆ ಸವರುತ್ತ ಪಕ್ಕದಲ್ಲೇ ಕೂತದ್ದು? ಅದು ನಿಜ. ಅದನ್ನು ನಾನು ಬರೆದದ್ದಲ್ಲ. ಸೂಟ್‌ಕೇಸ್ ಬಿಚ್ಚು. ಭಾವ ಎರಡು ವಾರದಿಂದ ನಮ್ಮ ಕಿಟಕಿಗೆ ಬಂದುಹೋಗುತ್ತಿದ್ದಾರೆ, ಅವರಿಗೆ ಚಿಕ್ಕಂದಿನಲ್ಲಿ ಆಗಿತ್ತೋ ಇಲ್ಲವೋ ಕೇಳು. ಇವತ್ತೇ ಹೋಗಿ ನಿನ್ನ ರಕ್ತ ಪರೀಕ್ಷೆ ಮಾಡಿಸು, ಡಾಕ್ಟರಿಗೆ ಎಲ್ಲ ಹೇಳು. ನನ್ನ ಹೆಸರು ಹೇಳಿದರೂ ಸರಿಯೇ.

ಅಮ್ಮಾ, ನಾಳೆ ಏಳಕ್ಕೆ ಭಾವ ಕಿಟಕಿಗೆ ಬರುತ್ತಾರೆ. ನನಗೆ ಏನಾದರೂ ಹೇಳಿ ಕಳಿಸುವುದಿದ್ದರೆ ಕಳಿಸು, ಬೈಗುಳವಾದರೂ ಆಗಲಿ. ಏನೂ ಇಲ್ಲವಾದರೆ ಎರಡು ಬ್ರೆಡ್ ತೆಗೆದುಕೊಳ್ಳುತ್ತೇನೆ.