ಮಲಗಿದ ನಾಯಿಯ ದ್ವೀಪ

ಮಾರ್ಚ್ ೧೨, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ಚಿನಕುರುಳಿಗೆ,

ಅತ್ತೆಯ ನೂರು ಮುತ್ತು. ನಿನ್ನ ನಕ್ಷೆ ಬಂದು ಹದಿನೇಳು ದಿನವಾಯಿತು. "ಜೀವಮಾನವಿಡೀ ನಕ್ಷೆ ಆಫೀಸಿನಲ್ಲಿ ಗೆರೆ ಎಳೆದವಳಿಗೆ ಒಂದು ನಕ್ಷೆ ನೋಡೋಕೆ ಇಷ್ಟು ದಿನ ಬೇಕಾ?" ಅಂತ ಮೂತಿ ಉಬ್ಬಿಸಿಕೊಂಡಿರುತ್ತೀಯ. ತಪ್ಪಾಯಿತು ತಾಯಿ. ದಿನಾ ನೋಡುತ್ತಿದ್ದೆ. ಹೇಳುವುದಕ್ಕೆ ಹೆದರಿದ್ದೆ, ಅಷ್ಟೇ.

ಮೊದಲು ಸಂತೋಷದ ಸುದ್ದಿ. ನಿನ್ನ ರಾಜ್ಯವನ್ನು ಆಫೀಸಿಗೆ ಒಯ್ದು ದೊಡ್ಡ ಮೇಜಿನ ಮೇಲೆ ಹರಡಿದೆ. ಯಾರಿಗೂ ಭೇಷ್ ಅನ್ನದ ಆಸಾಮಿ ನಮ್ಮ ಮುಖ್ಯಸ್ಥರು. ಅವರು ಕನ್ನಡಕ ಹಣೆಗೇರಿಸಿ ಬಗ್ಗಿದರು. ಪೂರ್ವದಲ್ಲಿ ಖಾಲಿ ಜಾಗ ಬಿಟ್ಟು "ಇಲ್ಲಿಗೆ ಇನ್ನೂ ಯಾರೂ ಹೋಗಿಲ್ಲ" ಅಂತ ಬರೆದಿದ್ದೀಯಲ್ಲ, ಅಲ್ಲಿ ಬೆರಳಿಟ್ಟು, "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಕೆ ನಮ್ಮೋರಿಗೆ ಇಪ್ಪತ್ತು ವರ್ಷ ಹಿಡಿಯುತ್ತೆ. ಯಾರಮ್ಮ ಇದು?" ಅಂದರು. "ನನ್ನ ತಮ್ಮನ ಮಗಳು. ಹನ್ನೊಂದು ವರ್ಷ" ಅಂದೆ. ಆ ದಿನವೆಲ್ಲ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಕಣೇ. ಜವಾನನನ್ನೂ ಕರೆದು ತೋರಿಸಿದೆ.

ಈಗ ತಕರಾರು. ನಿನ್ನ ಬಾಣದ ಗುರುತು ನೋಡಿದರೆ ದೊಡ್ಡ ನದಿ ಸಮುದ್ರದಿಂದ ಹೊರಟು ಬೆಟ್ಟ ಹತ್ತುತ್ತಿದೆ. ನೀರು ಮಹಾ ಸೋಮಾರಿ ಕಂದ, ಇಳಿಯುವುದಷ್ಟೇ ಅದಕ್ಕೆ ಗೊತ್ತು. ರಾಜಧಾನಿಯಲ್ಲಿ ಒಂದು ಬಾವಿಯೂ ಇಲ್ಲ; ಪಾಪ, ರಾಣಿ ಮುಖ ತೊಳೆಯುವುದೆಲ್ಲಿ? ಹೆಸರುಗಳನ್ನು ಕೊನೆಗೆ ಬರೆದಿದ್ದೀಯ, ಅದಕ್ಕೇ ಕಾಡಿನ ಹೆಸರು ಮರಗಳ ನಡುವೆ ಸಿಕ್ಕಿಕೊಂಡಿದೆ. ಹೆಸರಿಗೆ ಮೊದಲೇ ಜಾಗ ಬಿಟ್ಟುಕೋ.

ಇದ್ಯಾವುದನ್ನೂ ನಿನ್ನ ಹಾಳೆಯ ಮೇಲೆ ಬರೆದಿಲ್ಲ. ಇನ್ನೊಬ್ಬರ ಮೂಲ ನಕ್ಷೆಗೆ ಕೈ ಹಚ್ಚಬಾರದು ಅನ್ನುವುದು ನಮ್ಮ ಆಫೀಸಿನ ಪದ್ಧತಿ. ಮೇಲೆ ತೆಳುವಾದ ಟ್ರೇಸಿಂಗ್ ಹಾಳೆ ಹಾಸಿ, ಪೆನ್ಸಿಲಿನಲ್ಲಿ ತಿದ್ದಬೇಕು. ಹಾಗೇ ತಿದ್ದಿ ಇದರ ಜೊತೆ ಕಳಿಸಿದ್ದೇನೆ. ಹಾಳೆ ಎತ್ತಿದರೆ ನಿನ್ನ ರಾಜ್ಯ ನಿನ್ನದೇ. ಬೇಕಾದ್ದು ತೆಗೆದುಕೋ, ಬೇಡದ್ದು ಬಿಡು.

ಒಂದನ್ನು ಮಾತ್ರ ಯಾರು ಹೇಳಿದರೂ ಬದಲಿಸಬೇಡ: ಮೂಲೆಯಲ್ಲಿ ನಾಯಿ ಮಲಗಿದ ಹಾಗಿರುವ ದ್ವೀಪ. "ಅದು ಅಪ್ಪನ ಕಥೆಯಲ್ಲಿ ಬರೋ ದ್ವೀಪ" ಅಂತ ನಿನ್ನ ಕಾಗದದಲ್ಲಿ ಬರೆದಿದ್ದೀಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ನಿನ್ನ ಕೈ ಹೀಗೇ ಓಡಲಿ. ನಿನ್ನ ಗೆರೆ ನನ್ನದಕ್ಕಿಂತ ದೂರ ಹೋಗಲಿ.

ನಿನ್ನ
ಗೆರೆ ಅತ್ತೆ

ತಾ.ಕ.: ನಿನ್ನ ಅಪ್ಪ ಒಂಬತ್ತು ವರ್ಷದವನಿದ್ದಾಗ ಅವನೂ ಒಂದು ರಾಜ್ಯ ಬರೆದು ನನಗೆ ತೋರಿಸಿದ್ದ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ತಲೆಗೆ ಕೋಡು ಮೂಡಿತ್ತು. ಅವನ ಹಾಳೆಯ ಮೇಲೇ ಕೆಂಪು ಶಾಯಿಯಲ್ಲಿ ಏಳು ತಪ್ಪು ಗುರುತು ಹಾಕಿದೆ. ಏಳನೆಯದು ಆ ದ್ವೀಪ. "ನಾಯಿಯ ಆಕಾರದ ದ್ವೀಪ ಎಲ್ಲೂ ಇರುವುದಿಲ್ಲ" ಅಂತ ಬರೆದಿದ್ದೆ. ಅವನು ಅಳಲಿಲ್ಲ. ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. ಮತ್ತೆಂದೂ ಚಿತ್ರ ಬರೆಯಲಿಲ್ಲ. ಮೊನ್ನೆ ಫೋನಿನಲ್ಲಿ, "ಅಕ್ಕಾ, ಮಗೂಗೆ ಸ್ವಲ್ಪ ಮೆತ್ತಗೆ ಹೇಳು" ಅಂದ. ಮೂವತ್ತು ವರ್ಷದಲ್ಲಿ ಅವನು ಆ ವಿಷಯ ಎತ್ತಿದ್ದು ಅಷ್ಟೇ. ಲಕೋಟೆಯಲ್ಲಿ ಇನ್ನೊಂದು ಖಾಲಿ ಹಾಳೆ ಇದೆ, ಅದು ಅಪ್ಪನಿಗೆ. "ದ್ವೀಪ ಬರೆದು ಕಳಿಸಬೇಕಂತೆ. ಅತ್ತೆ ಈ ಸಲ ಬರೀ ನೋಡ್ತಾಳಂತೆ" ಅಂತ ಹೇಳು.